ನಡೆಯುತ್ತಿರುವ ಸರ್ವರ್ ಬದಲಿಸುವುದು ಹೇಗೆ, ಯಾವಾಗ? ಸಕ್ಕರೆ ಕಾರ್ಖಾನೆಯಿಂದ ಬಂದ ಪ್ರಶ್ನೆ

ಪ್ರಶ್ನೆ: ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಇಡಿಪಿ (ಕಂಪ್ಯೂಟರ್) ವಿಭಾಗ ನನ್ನ ಜವಾಬ್ದಾರಿ. ಕಬ್ಬು ನೋಂದಣಿ, ಕಾಟಾ (ಕಬ್ಬಿನ ಗಾಡಿಗಳ ತೂಕ), ರೈತರ ಬಿಲ್ಲು, ಸ್ಟೋರ್, ಪಗಾರ, ಲೆಕ್ಕಪತ್ರ ಎಲ್ಲವೂ ಒಂದೇ ಸರ್ವರ್ ಮೇಲಿವೆ. ವಿಂಡೋಸ್ ಸರ್ವರ್ 2012 ಆರ್2, ಅದರ ಮೇಲೆ ಎಸ್‌ಕ್ಯೂಎಲ್ ಸರ್ವರ್ 2014. ಅದು ನಡೆಸುವ ಡೇಟಾಬೇಸ್ ಸುಮಾರು 85 ಜಿಬಿ. ಯಾರು ಲಾಗಿನ್ ಆಗಬಹುದೆಂದು ನೋಡುವ ಡೊಮೇನ್ ಕಂಟ್ರೋಲರ್ ಕೂಡ ಅದೇ ಯಂತ್ರ. ಪ್ರೋಗ್ರಾಮ್ ಹಳೆಯ ವಿಬಿ6 (ವಿಷುಯಲ್ ಬೇಸಿಕ್ 6) ಭಾಷೆಯಲ್ಲಿ ಬರೆದದ್ದು, ರೈತರ ಹೆಸರುಗಳು ನುಡಿ ಫಾಂಟಿನಲ್ಲಿವೆ. ಆಡಿಟ್‌ನವರು ಈ ಸಲ ಆಕ್ಷೇಪ ಬರೆದಿದ್ದಾರೆ. ಹಾರ್ಡ್‌ವೇರ್‌ನವರು 'ಇದ್ದ ಯಂತ್ರದಾಗ ಎರಡ ದಿನದಾಗ ಅಪ್‌ಗ್ರೇಡ್ ಮಾಡಿ ಕೊಡ್ತೀವಿ' ಅನ್ನುತ್ತಾರೆ. ಸಾಫ್ಟ್‌ವೇರ್ ಕಂಪನಿಯವರು ಎಲ್ಲವನ್ನೂ ಒಂದೇ ಸಲ ತಮ್ಮ ಹೊಸ ವೆಬ್ ಆವೃತ್ತಿಗೆ ಒಯ್ಯೋಣ ಅನ್ನುತ್ತಾರೆ. ಎಂ.ಡಿ. ಸಾಹೇಬರದು ಒಂದೇ ಮಾತು: 'ನಡದೈತಲ್ಲ, ಯಾಕ ಮುಟ್ಟತೀರಿ?' ಕ್ಲೌಡಿಗೆ ಹಾಕಿ ಎನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಹೊಸ ಯಂತ್ರ ತಂದು ಹಳೆಯದರ ಪಕ್ಕದಲ್ಲಿ ನಿಲ್ಲಿಸಿ. ಅದರಲ್ಲಿ ಹೊಸ ವಿಂಡೋಸ್, ಹೊಸ ಎಸ್‌ಕ್ಯೂಎಲ್ ಹಾಕಿ ಡೇಟಾ ಒಯ್ಯಿರಿ. ಪ್ರೋಗ್ರಾಮ್ ಈ ವರ್ಷ ಹಳೆಯದೇ ಇರಲಿ. ಹಂಗಾಮು ಮುಗಿದು ರೈತರ ಕೊನೆಯ ಬಿಲ್ಲು ಹೋದ ಮೇಲೆ ಶುರು ಮಾಡಿ ಜೂನ್ ಒಳಗೆ ಮುಗಿಸಿ. ವೆಬ್ ಆವೃತ್ತಿ ಮುಂದಿನ ವರ್ಷದ ಮಾತು.

ಎಂ.ಡಿ. ಸಾಹೇಬರ ಮಾತನ್ನು ಹಗುರ ಮಾಡಬೇಡಿ. ಹಂಗಾಮಿನ ನಡುವೆ ಸರ್ವರ್ ಮುಟ್ಟಿ ಕೈಸುಟ್ಟುಕೊಂಡವರನ್ನು ಅವರು ನೋಡಿರಬಹುದು. ಆದರೆ 'ನಡೆದಿದೆ' ಎಂಬುದಕ್ಕೆ ಈಗ ಗಡುವು ಬಂದಿದೆ. ವಿಂಡೋಸ್ ಸರ್ವರ್ 2012 ಆರ್2ಗೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ದುಡ್ಡು ಕೊಟ್ಟು ಪಡೆಯುವ ಹೆಚ್ಚುವರಿ ಭದ್ರತಾ ಪ್ಯಾಚುಗಳೂ 2026ರ ಅಕ್ಟೋಬರ್ 13ಕ್ಕೆ ನಿಲ್ಲುತ್ತವೆ. ನಿಮ್ಮ ಎಸ್‌ಕ್ಯೂಎಲ್ 2014ರ ಮಾಮೂಲಿ ಬೆಂಬಲ 2024ರ ಜುಲೈ 9ಕ್ಕೇ ಮುಗಿದಿದೆ. ಬೆಂಬಲ ಮುಗಿದ ದಿನ ಯಂತ್ರ ನಿಂತುಹೋಗುವುದಿಲ್ಲ, ಅದೇ ತೊಂದರೆ. ಎಂದಿನಂತೆ ನಡೆಯುತ್ತದೆ, ಆದರೆ ಇನ್ನು ಮುಂದೆ ಸಿಗುವ ತೂತು ತೂತಾಗಿಯೇ ಉಳಿಯುತ್ತದೆ. 2017ರ ಮಾರ್ಚ್ 14ಕ್ಕೆ ವಿಂಡೋಸ್‌ನ ಫೈಲ್ ಹಂಚಿಕೆಯ ಒಂದು ದೋಷಕ್ಕೆ ಪ್ಯಾಚ್ ಬಂತು, ಮೇ 12ಕ್ಕೆ ಅದೇ ದೋಷದಿಂದ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ನುಗ್ಗಿತು. ನಡುವೆ ಎರಡು ತಿಂಗಳೂ ಇರಲಿಲ್ಲ. ಪ್ಯಾಚ್ ಬಂದೂ ಹಾಕದವರ ಗತಿ ಅದಾದರೆ, ಪ್ಯಾಚೇ ಬರದ ಯಂತ್ರ ಇಟ್ಟುಕೊಂಡವರ ಗತಿ ಏನು? ಇನ್ನೊಂದು ಸಂಗತಿ ಸಾಹೇಬರಿಗೆ ತಿಳಿಸಿ. ಅಕ್ಟೋಬರ್ 13 ಅಂದರೆ ನೀವು ಹೊಸ ಹಂಗಾಮಿನ ಬಾಯ್ಲರ್ ಪೂಜೆಗೆ ತಯಾರಿ ನಡೆಸುವ ಹೊತ್ತು.

ಬದಲಿಸಿ ಎಂದ ಮೂರೂ ಕಡೆಯವರು ಹೋಗುವ ದಾರಿ ಹೇಳಿದ್ದಾರೆ. ವಾಪಸ್ ಬರುವ ದಾರಿ ಯಾರೂ ಹೇಳಿಲ್ಲ. ನಾನು ಯಾವ ಅಪ್‌ಗ್ರೇಡ್ ನೋಡಿದರೂ ಮೊದಲು ಕೇಳುವುದು ಅದನ್ನೇ: ಸೋಮವಾರ ಬೆಳಿಗ್ಗೆ ಕೆಟ್ಟರೆ ಶನಿವಾರದ ಸ್ಥಿತಿಗೆ ಎಷ್ಟು ಹೊತ್ತಿನಲ್ಲಿ ಬರುತ್ತೀರಿ, ಎರಡು ದಿನದಲ್ಲಿ ಬರೆದ ಲೆಕ್ಕ ಏನಾಗುತ್ತದೆ? ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದು ಇನ್ನೂ ಕಠಿಣ. 2014ರ ಬ್ಯಾಕಪ್ಪನ್ನು 2022ರಲ್ಲಿ ಬಿಚ್ಚಬಹುದು, 2022ರ ಬ್ಯಾಕಪ್ಪನ್ನು 2014ರಲ್ಲಿ ಬಿಚ್ಚಲಾಗದು. ಹಾಗಾಗಿ ಹೊಸದರಲ್ಲಿ ಕೆಲಸ ಶುರುವಾದ ಮೇಲೆ ಹಿಂದೆ ಬರಬೇಕೆಂದರೆ, ನಡುವೆ ಆದ ವ್ಯವಹಾರವನ್ನು ಹಳೆಯದರಲ್ಲಿ ಕೈಯಾರೆ ಮತ್ತೆ ಬರೆಯಬೇಕು. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆ ಎಂದುಕೊಳ್ಳಿ. ಒಂದು ಲೋಡಿಗೆ ಸರಾಸರಿ 20 ಟನ್ ಹಿಡಿದರೂ 250 ಗಾಡಿ, ತುಂಬಿದ್ದು ಖಾಲಿಯದ್ದು ಸೇರಿ 500 ತೂಕ. ಎರಡು ದಿನಕ್ಕೆ ಸಾವಿರ. ಅದನ್ನು ಮತ್ತೆ ಹೊಡೆಯುವವರು ಯಾರು? ಹಂಗಾಮು ಮುಗಿದ ಮೇಲೆ, ಮೇ ತಿಂಗಳಲ್ಲಾದರೆ ನಿಮ್ಮಲ್ಲಿ ದಿನಕ್ಕೆ ಸ್ಟೋರಿನ ಒಂದಿಷ್ಟು ಇಂಡೆಂಟು, ಸಕ್ಕರೆ ಮಾರಾಟದ ಬಿಲ್ಲು, ಬ್ಯಾಂಕ್ ವೋಚರು, ಇಷ್ಟೇ. ಇಬ್ಬರು ಗುಮಾಸ್ತರು ಅರ್ಧ ದಿನ ಕೂತರೆ ಮುಗಿಯಿತು. ವಿಧಾನ ಯಾವುದು ಎಂಬ ಪ್ರಶ್ನೆಯೂ ಯಾವಾಗ ಎಂಬ ಪ್ರಶ್ನೆಯೂ ಬೇರೆಬೇರೆ ಎಂದು ನೀವು ತಿಳಿದಿರಬಹುದು, ಕಾರ್ಖಾನೆಯಲ್ಲಿ ಎರಡೂ ಒಂದೇ.

ಈ ಅಳತೆಗೋಲಿನಿಂದ ಹಾರ್ಡ್‌ವೇರ್‌ನವರ ಮಾತು ನೋಡಿ. ಅವರು ಸುಳ್ಳು ಹೇಳುತ್ತಿಲ್ಲ. ಮೊದಲು ವಿಂಡೋಸ್ ಸರ್ವರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕಿತ್ತು, ಈಗ ವಿಂಡೋಸ್ ಸರ್ವರ್ 2025ಕ್ಕೂ 2012 ಆರ್2ನಿಂದ ಒಂದೇ ಜಿಗಿತದಲ್ಲಿ ಹೋಗಬಹುದು. ಖಾಲಿ ವಿಂಡೋಸ್ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ನಿಮ್ಮದರ ಮೇಲೆ ಎಸ್‌ಕ್ಯೂಎಲ್ ಕೂತಿದೆ. ಎಸ್‌ಕ್ಯೂಎಲ್ 2022 ಹಾಕಲು ಕೆಳಗೆ ಕನಿಷ್ಠ ವಿಂಡೋಸ್ ಸರ್ವರ್ 2016 ಇರಬೇಕು, ಹಾಗಾಗಿ ಎಸ್‌ಕ್ಯೂಎಲ್ ಮೊದಲು ಏರಿಸಲಾಗದು. ವಿಂಡೋಸ್ ಮೊದಲು ಏರಿಸಿದರೆ, ಎಸ್‌ಕ್ಯೂಎಲ್ 2014ಕ್ಕೆ ವಿಂಡೋಸ್ ಸರ್ವರ್ 2022, 2025ರ ಮೇಲೆ ಅಧಿಕೃತ ಬೆಂಬಲವಿಲ್ಲ. ಒಂದಕ್ಕೊಂದು ಕಾಲು ಕಟ್ಟಿದ ಎತ್ತುಗಳ ಹಾಗೆ. ನಡುವಿನ ಆ ರಾತ್ರಿ ನೀವು ನಿಂತಿರುವ ನೆಲ ಯಾರ ಜವಾಬ್ದಾರಿಯೂ ಅಲ್ಲ. ಸಾಲದ್ದಕ್ಕೆ ಅದೇ ಯಂತ್ರ ಡೊಮೇನ್ ಕಂಟ್ರೋಲರ್.

ಇದೇ ಸೀಮೆಯ ಒಂದು ಸಂಸ್ಥೆಯಲ್ಲಿ ನಾನೇ ಹೀಗೆ ಮಾಡಿ ಪಾಠ ಕಲಿತಿದ್ದೇನೆ. ಶನಿವಾರ ಸಂಜೆ ಶುರು ಮಾಡಿದೆವು. ರಾತ್ರಿ ಎರಡಕ್ಕೆ ಯಂತ್ರ ರೀಸ್ಟಾರ್ಟ್ ಆಗಿ ಡಿಸ್ಕುಗಳೇ ಕಾಣದಾದವು, ಡಿಸ್ಕುಗಳನ್ನು ನೋಡಿಕೊಳ್ಳುವ ಹಳೆಯ ರೇಡ್ ಕಾರ್ಡಿಗೆ ಹೊಸ ವಿಂಡೋಸ್‌ನಲ್ಲಿ ಡ್ರೈವರ್ ಇರಲಿಲ್ಲ. ಬ್ಯಾಕಪ್ ಇತ್ತು, ಡೇಟಾಬೇಸಿನದು. ಸರ್ವರ್‌ನದ್ದಲ್ಲ. ವಿಂಡೋಸ್ ಹಳೆಯದು ಹಾಕಿ, ಎಸ್‌ಕ್ಯೂಎಲ್ ಹಾಕಿ, ಸರ್ವಿಸ್ ಪ್ಯಾಕ್ ಹುಡುಕಿ, ಯೂಸರ್‌ಗಳನ್ನು ನೆನಪಿನಿಂದ ಮಾಡಿ ಮುಗಿಸುವಾಗ ಸೋಮವಾರ ಮಧ್ಯಾಹ್ನ. ಇದ್ದಲ್ಲೇ ಏರಿಸುವ ವಿಧಾನ ಕೆಟ್ಟದ್ದೆಂದು ಇದರರ್ಥವಲ್ಲ. ವರ್ಚುವಲ್ ಯಂತ್ರದಲ್ಲಿ, ಅಂದರೆ ಯಂತ್ರದೊಳಗೆ ತಂತ್ರಾಂಶದಿಂದ ಕಟ್ಟಿದ ಯಂತ್ರದಲ್ಲಿ, ಇರುವ ಫೈಲ್ ಸರ್ವರಿಗೋ ಪ್ರಿಂಟ್ ಸರ್ವರಿಗೋ ನಾನು ಈಗಲೂ ಅದನ್ನೇ ಮಾಡುತ್ತೇನೆ. ನಿಮ್ಮಂಥ ಒಂಟಿ ಯಂತ್ರಕ್ಕೆ ಬೇಡ.

ಸಾಫ್ಟ್‌ವೇರ್ ಕಂಪನಿಯವರದು ಇದಕ್ಕೆ ತದ್ವಿರುದ್ಧ ದಾರಿ. ಯಂತ್ರ, ವಿಂಡೋಸ್, ಡೇಟಾಬೇಸ್, ಪ್ರೋಗ್ರಾಮ್ ಎಲ್ಲ ಒಂದೇ ದಿನ ಬದಲು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಇಂಥದ್ದನ್ನೇ ಮಾಡಿತು. ಗ್ರಾಹಕರ ಡೇಟಾ ಸರಿಯಾಗಿಯೇ ಹೊಸ ವ್ಯವಸ್ಥೆಗೆ ಹೋಯಿತು, ಹೊಸ ವೇದಿಕೆ ಮಾತ್ರ ಹೊರೆ ತಡೆಯಲಿಲ್ಲ. ಸುಮಾರು 19 ಲಕ್ಷ ಗ್ರಾಹಕರು ತಮ್ಮ ಖಾತೆ ನೋಡಲಾಗದೆ ಹೊರಗುಳಿದರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ಹಾಕಿದ ದಂಡ 4 ಕೋಟಿ 86 ಲಕ್ಷ 50 ಸಾವಿರ ಪೌಂಡ್. ಅಷ್ಟು ದೊಡ್ಡ ಬ್ಯಾಂಕಿನ ಕತೆ ನಮಗೇಕೆ ಅನ್ನಬೇಡಿ. ತಿಳಿಯಬೇಕಾದ್ದು ಇಷ್ಟೇ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದಾಗ ರೈತನ ಬಿಲ್ಲಿನಲ್ಲಿ ಹನ್ನೆರಡು ರೂಪಾಯಿ ತಪ್ಪು ಬಂದರೆ, ಅದು ಎಸ್‌ಕ್ಯೂಎಲ್‌ನಿಂದ ಬಂತೋ ಹೊಸ ಪ್ರೋಗ್ರಾಮಿನಿಂದ ಬಂತೋ ಡೇಟಾ ಒಯ್ಯುವಾಗ ಆಯಿತೋ ಯಾರಿಗೂ ತಿಳಿಯದು. ಮೂರು ಕಡೆಯವರು ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾರೆ.

ವಿಬಿ6 ಎಂದ ಕೂಡಲೇ ಮೂಗು ಮುರಿಯುವವರೂ ಇದ್ದಾರೆ. ಅದರಲ್ಲಿ ಪ್ರೋಗ್ರಾಮ್ ಬರೆಯುವ ಸಲಕರಣೆಗೆ ಬೆಂಬಲ ನಿಂತದ್ದು 2008ರ ಏಪ್ರಿಲ್ 8ಕ್ಕೆ, ನಿಜ. ಆದರೆ ಬರೆದ ಪ್ರೋಗ್ರಾಮ್ ಓಡಿಸುವ ಭಾಗವನ್ನು ಮೈಕ್ರೋಸಾಫ್ಟ್ ಇಂದಿನ ವಿಂಡೋಸ್‌ನಲ್ಲೂ ಉಳಿಸಿಕೊಂಡಿದೆ. ಕಬ್ಬು ಡೊಂಕಾದರೆ ಸಿಹಿ ಡೊಂಕೇ? ನಿಮ್ಮ ಪ್ರೋಗ್ರಾಮಿನಲ್ಲಿ ಹತ್ತಾರು ಹಂಗಾಮಿನ ಕಟಾವು, ಸಾಗಾಣಿಕೆ, ಮುಂಗಡ, ಸೊಸೈಟಿ ಸಾಲದ ಕಡಿತಗಳ ಲೆಕ್ಕ ತಿದ್ದಿ ತೀಡಿ ಕೂತಿದೆ. ಅದನ್ನು ಹೊಸದಾಗಿ ಬರೆದವರಿಗೆ ಆ ಎಲ್ಲ ತಿದ್ದುಪಡಿಗಳು ಗೊತ್ತಿರುತ್ತವೆ ಎಂಬ ನಂಬಿಕೆ ನನಗಿಲ್ಲ. ಕೆಳಗಿನ ನೆಲ ಈ ವರ್ಷ ಬದಲಿಸಿ. ಒಂದು ಹಂಗಾಮು ಅದರ ಮೇಲೆ ನಡೆಯಲಿ. ವೆಬ್ ಆವೃತ್ತಿ ಮುಂದಿನ ಬೇಸಿಗೆಗೆ ಬರಲಿ, ಅದೂ ಮೊದಲು ಸ್ಟೋರ್, ಪಗಾರ, ಕೊನೆಗೆ ಕಾಟಾ.

ಕ್ಲೌಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕತ್ತರಿಸಿದ ದಿನವೂ ಕಾಟಾ ನಡೆಯಬೇಕು. ಎರಡು ಬೇರೆ ದಾರಿಯ ಲೈನ್ ಇದ್ದರೂ ನಾನು ತೂಕದ ಲೆಕ್ಕವನ್ನು ಅದರ ಮೇಲೆ ಬಿಡಲಾರೆ. ಬ್ಯಾಕಪ್ಪಿನ ಒಂದು ಪ್ರತಿ ಕ್ಲೌಡಿಗೆ ಹೋಗಲಿ, ಇನ್ನೊಂದು ಪ್ರತಿ ನೆಟ್‌ವರ್ಕಿಗೆ ಸಿಕ್ಕಿಸದ ಡಿಸ್ಕಿನಲ್ಲಿ ಕಪಾಟಿನೊಳಗಿರಲಿ. ಅಷ್ಟು ಸಾಕು.

ಇನ್ನು ಪಕ್ಕದಲ್ಲಿ ಹೊಸದು ಕಟ್ಟುವ ವಿಚಾರ. ಬಾಗಲಕೋಟೆ ಜಿಲ್ಲೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ನವನಗರ ಕಟ್ಟಿದರು. ಮೊದಲು ಯೂನಿಟ್ 1, ಆಮೇಲೆ ಯೂನಿಟ್ 2, ಹಂತ ಹಂತವಾಗಿ ಜನ ಬಂದರು. ಹಳೇ ಊರು ಒಂದೇ ದಿನ ಖಾಲಿಯಾಗಲಿಲ್ಲ, ಇವತ್ತಿಗೂ ಆಗಿಲ್ಲ. ಮನೆ ನವನಗರದಲ್ಲಿ, ಅಂಗಡಿ ಹಳೇ ಊರಲ್ಲಿ ಇಟ್ಟುಕೊಂಡು ದಿನಾ ತಿರುಗಿದವರನ್ನು ಕೇಳಿ, ಎರಡೂ ಕಡೆ ಸಂಸಾರ ಹೂಡುವುದು ಎಷ್ಟು ದುಬಾರಿ ಎಂದು ಹೇಳುತ್ತಾರೆ. ಸರ್ವರಿಗೂ ಅದೇ. ಎರಡೂ ಯಂತ್ರ ಇರಲಿ, ಆದರೆ ಬರೆಯುವುದು ಯಾವಾಗಲೂ ಒಂದರಲ್ಲೇ. 'ಒಂದು ತಿಂಗಳು ಎರಡರಲ್ಲೂ ಎಂಟ್ರಿ ಮಾಡಿ ತಾಳೆ ನೋಡೋಣ' ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಸಿಬ್ಬಂದಿ ನಾಲ್ಕು ದಿನ ಮಾಡುತ್ತಾರೆ, ಐದನೆಯ ದಿನದಿಂದ ಎರಡೂ ಲೆಕ್ಕ ತಾಳೆಯಾಗದು. ಆಮೇಲೆ ನಿಮಗೆ ಸಿಗುವುದು ಸಾಫ್ಟ್‌ವೇರ್ ತಪ್ಪಲ್ಲ, ಎಂಟ್ರಿ ತಪ್ಪು.

ಹೊಸ ಯಂತ್ರದ ಮೇಲೆ ನೇರವಾಗಿ ಎಲ್ಲ ಹಾಕಬೇಡಿ. ವರ್ಚುವಲ್ ಯಂತ್ರ ನಡೆಸುವ ಹೈಪರ್-ವಿ ಹಾಕಿ, ಒಳಗೆ ಎರಡು ವರ್ಚುವಲ್ ಯಂತ್ರ ಮಾಡಿ. ಒಂದು ಡೊಮೇನ್ ಕಂಟ್ರೋಲರಿಗೆ, ಇನ್ನೊಂದು ಎಸ್‌ಕ್ಯೂಎಲ್‌ಗೆ. ಯಂತ್ರದ ಕೋರ್‌ಗಳಿಗೆಲ್ಲ ಲೈಸೆನ್ಸ್ ಇದ್ದರೆ ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಒಂದರಲ್ಲೇ ಎರಡು ವರ್ಚುವಲ್ ಯಂತ್ರಕ್ಕೆ ಅನುಮತಿಯಿದೆ. ಆವೃತ್ತಿ ಯಾವುದು ಎಂದರೆ ನನ್ನ ಆಯ್ಕೆ ಎರಡೂ 2022. ಕಾರಣ ನಿಮ್ಮ ಡೊಮೇನ್. ವಿಂಡೋಸ್ ಸರ್ವರ್ 2025 ಡೊಮೇನ್ ಕಂಟ್ರೋಲರ್ ಆಗಬೇಕಾದರೆ ಡೊಮೇನಿನ ಫಂಕ್ಷನಲ್ ಲೆವೆಲ್ (ಡೊಮೇನ್ ನಡೆಯುವ ಆವೃತ್ತಿಯ ಮಟ್ಟ) ಕನಿಷ್ಠ 2016 ಇರಬೇಕು. 2012 ಆರ್2 ಕಂಟ್ರೋಲರ್ ಇರುವವರೆಗೆ ಆ ಲೆವೆಲ್ಲಿಗೆ ಏರಲಾಗದು. 2022 ಆದರೆ ಹಳೆಯದರ ಪಕ್ಕದಲ್ಲೇ ಸೇರಿಸಿ, ಪಾತ್ರಗಳನ್ನು ಒಂದೊಂದಾಗಿ ವರ್ಗಾಯಿಸಿ, ಹಳೆಯದನ್ನು ಮರ್ಯಾದೆಯಿಂದ ಇಳಿಸಬಹುದು. ವಿಂಡೋಸ್ 2022ಕ್ಕೆ 2031ರ ಅಕ್ಟೋಬರ್‌ವರೆಗೆ, ಎಸ್‌ಕ್ಯೂಎಲ್ 2022ಕ್ಕೆ 2033ರ ಜನವರಿವರೆಗೆ ಭದ್ರತಾ ಪ್ಯಾಚ್ ಬರುತ್ತವೆ. ಯಂತ್ರವೇ ಅಷ್ಟು ದಿನ ಬಾಳಿದರೆ ಸಾಕು.

ಡೇಟಾಬೇಸ್ ಬ್ಯಾಕಪ್ ಒಯ್ದರೆ ಎಲ್ಲ ಬಂತು ಎಂದು ಬಹಳ ಜನ ತಿಳಿಯುತ್ತಾರೆ. ಬರುವುದಿಲ್ಲ. ಎಸ್‌ಕ್ಯೂಎಲ್ ಲಾಗಿನ್‌ಗಳು 'ಮಾಸ್ಟರ್' ಡೇಟಾಬೇಸಿನಲ್ಲಿ, ರಾತ್ರಿಯ ಜಾಬ್‌ಗಳು 'ಎಂಎಸ್‌ಡಿಬಿ'ಯಲ್ಲಿ ಇರುತ್ತವೆ. ನಿಮ್ಮ ಡೇಟಾಬೇಸಿನೊಳಗೆ ಯೂಸರ್ ಹೆಸರಿರುತ್ತದೆ, ಹೊರಗೆ ಅದಕ್ಕೆ ಲಾಗಿನ್ ಇರುವುದಿಲ್ಲ. ಅದೇ ಹೆಸರಿನಲ್ಲಿ ಹೊಸ ಲಾಗಿನ್ ಮಾಡಿದರೂ ಒಳಗಿನ ಗುರುತಿನ ಸಂಖ್ಯೆ ಬೇರೆಯಾಗಿ ಹೊಂದುವುದಿಲ್ಲ. ಇದರ ಜೊತೆಗೆ ಲಿಂಕ್ಡ್ ಸರ್ವರ್, ಪಿಸಿಗಳಲ್ಲಿರುವ ಡೇಟಾಬೇಸ್ ಸಂಪರ್ಕದ ಓಡಿಬಿಸಿ ಸೆಟ್ಟಿಂಗ್, ರಿಪೋರ್ಟ್ ಬೀಳುವ ಶೇರ್ಡ್ ಫೋಲ್ಡರ್, ಟಾಸ್ಕ್ ಶೆಡ್ಯೂಲರಿನಲ್ಲಿ ಯಾರೋ ಎಂದೋ ಹಾಕಿಟ್ಟ ಬ್ಯಾಚ್ ಫೈಲ್. ಹಳೆಯ ಪ್ರೋಗ್ರಾಮ್‌ಗಳಲ್ಲಿ ಸರ್ವರ್ ಹೆಸರು, 'ಎಸ್‌ಎ' ಪಾಸ್‌ವರ್ಡ್ ಒಳಗೇ ಬರೆದಿಟ್ಟಿರುವುದು ನಮ್ಮ ಕಡೆ ಮಾಮೂಲು. ಬೈಯುವ ಹೊತ್ತಲ್ಲ ಇದು. ಹಳೆಯ ಯಂತ್ರವನ್ನು ಡೊಮೇನಿನಿಂದ ಇಳಿಸಿ ಬೇರೆ ಹೆಸರು ಕೊಟ್ಟ ಮೇಲೆ, ಹಳೆಯ ಹೆಸರನ್ನು ಯಂತ್ರಗಳ ಹೆಸರು-ವಿಳಾಸದ ಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಹೊಸ ಯಂತ್ರಕ್ಕೆ ತೋರಿಸಿದರೆ ಪ್ರತಿ ಪಿಸಿಯ ಪ್ರೋಗ್ರಾಮನ್ನು ತಿದ್ದುವ ಕೆಲಸ ತಪ್ಪುತ್ತದೆ. ಪ್ರೋಗ್ರಾಮಿನೊಳಗೆ ಐಪಿ ವಿಳಾಸವೇ ಬರೆದಿದ್ದರೆ ಆ ವಿಳಾಸವನ್ನೇ ಹೊಸದಕ್ಕೆ ಕೊಡಬೇಕಾದೀತು. ಈಗಲೇ ನೋಡಿಕೊಳ್ಳಿ.

ಎಸ್‌ಕ್ಯೂಎಲ್ ಹಾಕುವಾಗ ಕೊಲೇಶನ್ (ಅಕ್ಷರಗಳನ್ನು ಇಡುವ, ಹೋಲಿಸುವ ನಿಯಮ) ಕೇಳುತ್ತದೆ. ಮುಂದೆ ಮುಂದೆ ಒತ್ತಿಕೊಂಡು ಹೋಗಬೇಡಿ, ಹಳೆಯದರಲ್ಲಿ ಏನಿದೆಯೋ ಅದೇ ಇರಲಿ. ಬೇರೆಯಾದರೆ ತಾತ್ಕಾಲಿಕ ಟೇಬಲ್ ಬಳಸುವ ರಿಪೋರ್ಟುಗಳು ಕೊಲೇಶನ್ ಜಗಳ ತೆಗೆದು ನಿಲ್ಲುತ್ತವೆ. ಕಂಪಾಟಿಬಿಲಿಟಿ ಲೆವೆಲ್ (ಯಾವ ಆವೃತ್ತಿಯಂತೆ ವರ್ತಿಸಬೇಕೆಂಬ ಅಂಕಿ) ಕೂಡ ಮೊದಲ ಹಂಗಾಮಿಗೆ ಹಳೆಯದೇ ಇರಲಿ. 2014ರದ್ದು 120, 2022ರದ್ದು 160. ಡೇಟಾಬೇಸ್ ಇನ್ನೂ ಹಿಂದಿನ ಎಸ್‌ಕ್ಯೂಎಲ್‌ನಿಂದ ಬಂದಿದ್ದರೆ ನಿಮ್ಮದು 100 ಅಥವಾ 110 ಆಗಿರಬಹುದು, 2022 ಅದನ್ನೂ ನಡೆಸುತ್ತದೆ. ಪ್ರತಿ ಕ್ವೆರಿಯ ವೇಗ ಬರೆದಿಡುವ ಕ್ವೆರಿ ಸ್ಟೋರ್ ಚಾಲೂ ಮಾಡಿಟ್ಟು ಹಂಗಾಮು ನಡೆಸಿ. ಆಮೇಲೆ ಲೆವೆಲ್ ಏರಿಸಿ ಯಾವ ಕ್ವೆರಿ ನಿಧಾನವಾಯಿತು ನೋಡಿದರೆ ಉತ್ತರ ಕಣ್ಣೆದುರೇ ಇರುತ್ತದೆ.

ಈಗ ಪರೀಕ್ಷೆ. ಪೂರ್ತಿ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೆ. ಖರ್ಚಿನ ನೆಪ ಹೇಳಬೇಡಿ. ಎಸ್‌ಕ್ಯೂಎಲ್‌ನ ಡೆವಲಪರ್ ಆವೃತ್ತಿ ಪರೀಕ್ಷೆಗೆ ಪುಕ್ಕಟೆ, ವಿಂಡೋಸ್ ಸರ್ವರ್ 180 ದಿನ ಪರೀಕ್ಷಾರ್ಥ ಸಿಗುತ್ತದೆ. ಲೈಸೆನ್ಸ್ ಕೊಳ್ಳುವ ಮುಂಚೆಯೇ ಯಾವುದಾದರೂ ಒಳ್ಳೆಯ ಪಿಸಿಯ ಮೇಲೆ ತಾಲೀಮು ಮಾಡಬಹುದು. ಪರೀಕ್ಷೆ ಎಂದರೆ ಸ್ಕ್ರೀನ್ ತೆರೆದುಕೊಂಡಿತೋ ಇಲ್ಲವೋ ನೋಡುವುದಲ್ಲ. ಕಳೆದ ಹಂಗಾಮಿನ ಒಂದು ಪಾಕ್ಷಿಕ ಆರಿಸಿ, ಆ ಹದಿನೈದು ದಿನದ ರೈತರ ಬಿಲ್ಲನ್ನು ಹೊಸ ಸರ್ವರಿನಲ್ಲಿ ಮೊದಲಿನಿಂದ ಮಾಡಿಸಿ. ಹಳೆಯ ಬಿಲ್ಲಿನ ಜೊತೆ ಪ್ರತಿ ರೈತನದ್ದು ಪೈಸೆಗೆ ಪೈಸೆ ತಾಳೆಯಾಗಬೇಕು. 2025-26ಕ್ಕೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಮೇಲಿನ ಪ್ರತಿ ಶೇ 0.1ಕ್ಕೆ 3.46 ರೂಪಾಯಿ. ಟನ್ನಿನ ಮೂರು ದಶಮಾಂಶದ ತೂಕಕ್ಕೆ ಇಂಥ ದರ ಗುಣಿಸಿದಾಗ ರೌಂಡಿಂಗ್ ಎಲ್ಲಿ ಆಗುತ್ತದೆ ಎಂಬುದರ ಮೇಲೆ ಮೊತ್ತ ನಿಂತಿರುತ್ತದೆ.

ಇದಕ್ಕಿಂತ ಜಾಣ ಹುಳು ಇನ್ನೊಂದಿದೆ. ಹಳೆಯ ಪ್ರೋಗ್ರಾಮ್‌ಗಳಲ್ಲಿ 'ಆರ್ಡರ್ ಬೈ' (ಯಾವ ಕ್ರಮ ಬೇಕೆಂಬ ಸೂಚನೆ) ಹಾಕದೆ ಸಾಲದ ಪಟ್ಟಿ ತೆಗೆದು, ಬಂದ ಕ್ರಮದಲ್ಲೇ ಕಡಿತ ಮಾಡಿರುತ್ತಾರೆ. ವರ್ಷಗಟ್ಟಲೆ ಅದು ಒಂದೇ ಕ್ರಮದಲ್ಲಿ ಬಂದಿರುತ್ತದೆ, ಯಾರಿಗೂ ಅನುಮಾನ ಬಂದಿರುವುದಿಲ್ಲ. ಕ್ರಮ ಕೇಳದಿದ್ದರೆ ಎಸ್‌ಕ್ಯೂಎಲ್ ಯಾವ ಕ್ರಮದಲ್ಲಾದರೂ ಕೊಡಬಹುದು, ಹೊಸ ಆವೃತ್ತಿಯಲ್ಲಿ ಬೇರೆ ಕ್ರಮ ಬಂದೀತು. ಆಗ ಮೊದಲು ಬೀಜ-ಗೊಬ್ಬರದ ಮುಂಗಡ ಕಡಿದು ಉಳಿದದ್ದು ಸೊಸೈಟಿಗೆ ಹೋಗುತ್ತಿದ್ದ ಜಾಗದಲ್ಲಿ ತಲೆಕೆಳಗಾಗುತ್ತದೆ. ಬಿಲ್ಲಿನ ಒಟ್ಟು ಮೊತ್ತ ಸರಿಯಿರುತ್ತದೆ, ಒಳಗಿನ ಹಂಚಿಕೆ ಬೇರೆ. ಒಟ್ಟು ಮೊತ್ತವನ್ನಷ್ಟೇ ನೋಡಿದವರಿಗೆ ಇದು ಎಂದೂ ಸಿಗುವುದಿಲ್ಲ.

ರೈತರ ಹೆಸರುಗಳ ವಿಷಯಕ್ಕೆ ಬರೋಣ. ನಿಮ್ಮ ಡೇಟಾಬೇಸಿನಲ್ಲಿ ಕನ್ನಡ ಇಲ್ಲ, ಇರುವುದು ಇಂಗ್ಲಿಷ್ ಸಂಕೇತಗಳು. ನುಡಿ ಫಾಂಟ್ ತೊಡಿಸಿದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಆದ್ದರಿಂದ ಕೋಡ್ ಪೇಜ್ (ಸಂಕೇತಗಳ ಪಟ್ಟಿ) ಬದಲಾದರೆ ಸಾಕು, ಕೆಲವು ಸಂಕೇತ ಕಳೆದುಹೋಗಿ ಹೆಸರು ಕುರೂಪವಾಗುತ್ತದೆ. ಕೊಲೇಶನ್ ಹಳೆಯದೇ ಇರಲಿ ಎಂದು ಒತ್ತಿ ಹೇಳಿದ್ದು ಇದಕ್ಕೂ ಹೌದು. 'ಹೇಗೂ ಒಯ್ಯುತ್ತಿದ್ದೇವೆ, ಯೂನಿಕೋಡ್ ಮಾಡಿಬಿಡೋಣ' ಎಂಬ ಆಸೆ ನಿಮಗೆ ಬಂದೇ ಬರುತ್ತದೆ. ತಡೆದುಕೊಳ್ಳಿ. ಪರಿವರ್ತಕಗಳು ಅರ್ಕಾವತ್ತಿನಲ್ಲಿ ಎಡವುತ್ತವೆ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಪತ್ರಿಕೆಗಳ ಹಳೆಯ ಜಾಲತಾಣಗಳಲ್ಲಿ 'ಕನಾರ್ಟಕ' ಎಂದು ಓದಿದ ನೆನಪಿರಬೇಕಲ್ಲ? ನಿಮ್ಮಲ್ಲಿ ಮಲ್ಲಿಕಾರ್ಜುನ ಹೋಗಿ 'ಮಲ್ಲಿಕಾಜುರ್ನ' ಆಗುತ್ತಾನೆ, ದುರ್ಗಪ್ಪ 'ದುಗರ್ಪ್ಪ' ಆಗುತ್ತಾನೆ. ನಮ್ಮ ಕಡೆ ಮಲ್ಲಿಕಾರ್ಜುನರು ಎಷ್ಟಿದ್ದಾರೆ ಲೆಕ್ಕ ಹಾಕಿ.

ಮುಂದೆ ಪರಿವರ್ತಿಸುವಾಗ ಹಳೆಯ ಕಾಲಂ ಅಳಿಸದೆ ಪಕ್ಕದಲ್ಲೇ ಹೊಸ ಕಾಲಂ ಮಾಡಿ, ಅದು ಯೂನಿಕೋಡ್ ಹಿಡಿಯುವ 'ಎನ್‌ವಾರ್‌ಚಾರ್' ಆಗಿರಬೇಕು. ಬರೀ 'ವಾರ್‌ಚಾರ್' ಕಾಲಂಗೆ ನಿಮ್ಮ ಹಳೆಯ ಕೊಲೇಶನ್ನಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಹೆಸರಿನ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕೂರುತ್ತವೆ. ಅದು ಫಾಂಟಿನ ತೊಂದರೆಯಲ್ಲ, ಹೆಸರೇ ಹೋಗಿರುತ್ತದೆ. ಪರಿವರ್ತನೆಯಾದ ಹೆಸರುಗಳನ್ನು ಜೂನ್-ಜುಲೈನಲ್ಲಿ ಹೊಸ ಹಂಗಾಮಿನ ನೋಂದಣಿಗೆ ಹೋಗುವ ಫೀಲ್ಡ್‌ಮನ್‌ಗಳ ಕೈಗೆ ಪಟ್ಟಿ ಮಾಡಿ ಕೊಟ್ಟರೆ, ರೈತರ ಎದುರೇ ತಿದ್ದಿಸಿಕೊಂಡು ಬರುತ್ತಾರೆ.

ಕಾಟಾದ ಪಿಸಿಗಳನ್ನು ಪ್ರತ್ಯೇಕವಾಗಿ ನೋಡಿ. ತೂಕದ ಇಂಡಿಕೇಟರ್ ಸೀರಿಯಲ್ ಪೋರ್ಟಿನಿಂದ ಅಂಕಿ ಕಳಿಸುತ್ತದೆ, ಪಿಸಿಯ ಪ್ರೋಗ್ರಾಮ್ ಅದನ್ನು ಸರ್ವರಿಗೆ ಬರೆಯುತ್ತದೆ. ಸರ್ವರ್ ಬದಲಾದರೆ ಇಂಡಿಕೇಟರಿಗೆ ಏನೂ ಆಗದು. ಆಗುವುದು ನಡುವಿನ ಡ್ರೈವರಿಗೆ. ಭದ್ರತೆಗೆಂದು ಹೊಸ ಸರ್ವರಿನಲ್ಲಿ ಹಳೆಯ ಗೂಢಲಿಪಿ ವಿಧಾನವಾದ ಟಿಎಲ್‌ಎಸ್ 1.0 ಮುಚ್ಚಿದ ದಿನ ಹಳೆಯ ಡ್ರೈವರ್ ಬಳಸುವ ಪ್ರೋಗ್ರಾಮ್ ಸಂಪರ್ಕ ಕಳೆದುಕೊಳ್ಳುತ್ತದೆ. ಅದೇ ರೀತಿ ಹೊಸದಾಗಿ ಹಾಕಿದ ವಿಂಡೋಸ್ ಸರ್ವರಿನಲ್ಲಿ ಫೈಲ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ 1 ಇರುವುದಿಲ್ಲ. ಯಾವುದೋ ಮೂಲೆಯ ಎಕ್ಸ್‌ಪಿ ಯಂತ್ರ ಶೇರ್ಡ್ ಫೋಲ್ಡರಿಗೆ ಫೈಲ್ ಹಾಕುತ್ತಿದ್ದರೆ ಅದು ನಿಲ್ಲುತ್ತದೆ. ಅದಕ್ಕಾಗಿ ಎಸ್‌ಎಂಬಿ 1 ಮತ್ತೆ ತೆರೆಯಬೇಡಿ, ವಾನಾಕ್ರೈ ಬಂದ ಬಾಗಿಲೇ ಅದು. ಆ ಯಂತ್ರವನ್ನೇ ಬದಲಿಸಿ.

ಕಾಟಾದ ವಿಷಯದಲ್ಲಿ ಇಷ್ಟು ಹಿಂಜಿ ನೋಡುವುದಕ್ಕೆ ತಂತ್ರಜ್ಞಾನ ಮಾತ್ರ ಕಾರಣವಲ್ಲ. ಬ್ಯಾಂಕಿನ ಸರ್ವರ್ ನಿಂತರೆ ಜನ 'ಸರ್ವರ್ ಡೌನ್' ಅನ್ನುತ್ತಾರೆ. ಕಾರ್ಖಾನೆಯ ಕಾಟಾ ನಿಂತು ಕೈಬರಹದ ಚೀಟಿ ಕೊಟ್ಟರೆ 'ಕಾಟಾ ಹೊಡದ್ರು' (ತೂಕದಲ್ಲಿ ಮೋಸ ಮಾಡಿದರು) ಅನ್ನುತ್ತಾರೆ. ಆ ಮಾತು ಒಮ್ಮೆ ಯಾರ್ಡಿನಿಂದ ಊರಿಗೆ ಹೋದರೆ ಯಾವ ರಿಪೋರ್ಟ್ ತೋರಿಸಿದರೂ ತಿರುಗಿ ಬರುವುದಿಲ್ಲ. ಕ್ರಮಸಂಖ್ಯೆ ಅಚ್ಚಾದ ಚೀಟಿ ಪುಸ್ತಕಗಳನ್ನು ಹಂಗಾಮಿಗೆ ಮುಂಚೆಯೇ ಮಾಡಿಸಿಟ್ಟಿರಿ. ಅವು ಬೇಕಾಗದಿದ್ದರೆ ಒಳ್ಳೆಯದೇ.

ದಿನ ಆರಿಸುವ ವಿಚಾರ. ಕಬ್ಬು ನಿಯಂತ್ರಣ ಆದೇಶ 1966ರ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಹಾಗಾಗಿ ಗಿರಣಿ ನಿಂತ ದಿನವೇ ನಿಮಗೆ ಬಿಡುವಲ್ಲ, ಕೊನೆಯ ಪಾಕ್ಷಿಕದ ಬಿಲ್ಲು ಹೋಗುವವರೆಗೆ ಕಾಯಿರಿ. ಮಾರ್ಚ್ 31ರ ವರ್ಷಾಂತ್ಯದ ಲೆಕ್ಕವೂ ಮುಗಿಯಲಿ. ಆ ಕಡೆ ಜುಲೈ ಬಂದರೆ ಕಟಾವು ಗ್ಯಾಂಗುಗಳ ಕರಾರು, ಮುಂಗಡ ಶುರುವಾಗುತ್ತವೆ. ನಡುವೆ ಉಳಿಯುವುದು ಮೇ, ಜೂನ್. ಮೇನಲ್ಲಿ ತಾಲೀಮು, ಜೂನಿನ ಒಂದು ಭಾನುವಾರ ನಿಜವಾದ ಬದಲಾವಣೆ. ಹಂಗಾಮಿನಲ್ಲಿ ನಿಮ್ಮದೇ ಕೋಜನ್ (ಕಬ್ಬಿನ ಸಿಪ್ಪೆ ಸುಟ್ಟು ಮಾಡುವ) ಕರೆಂಟು ಇದ್ದರೂ ಆ ದಿನಗಳಲ್ಲಿ ನೀವು ಹೆಸ್ಕಾಂ ಮೇಲೆ ಇರುತ್ತೀರಿ. ಮುಂಗಾರಿನ ಗಾಳಿ ಮಳೆಯ ಕಾಲ, ಯುಪಿಎಸ್ ಬ್ಯಾಟರಿ ಮುಂಚೆಯೇ ನೋಡಿಕೊಳ್ಳಿ.

ದೊಡ್ಡ ಬ್ಯಾಂಕಿನವರು ನಿಮಿಷಗಳಲ್ಲಿ ಬದಲಿಸಲು ಲಾಗ್ ಶಿಪ್ಪಿಂಗ್ (ಬದಲಾವಣೆಗಳನ್ನು ಆಗಾಗ ಹೊಸದಕ್ಕೆ ಕಳಿಸುತ್ತಿರುವುದು) ಮಾಡುತ್ತಾರೆ. ನಿಮಗೆ ಅದು ಬೇಡ. 85 ಜಿಬಿ ಬ್ಯಾಕಪ್ಪನ್ನು ಸೆಕೆಂಡಿಗೆ 30 ಎಂಬಿ ಓದುವ ಹಳೆಯ ಯುಎಸ್‌ಬಿ ಡಿಸ್ಕಿನಲ್ಲಿ ತಂದರೂ ಮುಕ್ಕಾಲು ಗಂಟೆ ಚಿಲ್ಲರೆ. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಹೊರಗಿಟ್ಟು, ಹಳೆಯ ಡೇಟಾಬೇಸನ್ನು ಓದಲು ಮಾತ್ರ ಎಂದು ಮಾಡಿ, ಬ್ಯಾಕಪ್ ತೆಗೆದು, ಹೊಸದರಲ್ಲಿ ಬಿಚ್ಚಿ, ಪ್ರತಿ ಟೇಬಲಿನ ಸಾಲುಗಳ ಎಣಿಕೆ ತಾಳೆ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಮುಗಿಯಬೇಕು. ತಾಲೀಮಿನಲ್ಲಿ ಗಡಿಯಾರ ಹಿಡಿದು ಮಾಡಿದ್ದರೆ ಇದು ಊಹೆಯಾಗಿ ಉಳಿಯುವುದಿಲ್ಲ. ಡೊಮೇನ್ ಕಂಟ್ರೋಲರ್ ಕೆಲಸವನ್ನು ಇದಕ್ಕೆ ಬೆರೆಸಬೇಡಿ. ಹೊಸ ಕಂಟ್ರೋಲರನ್ನು ಹದಿನೈದು ದಿನ ಮುಂಚೆಯೇ ಸೇರಿಸಿ, ಹಳೆಯದನ್ನು ಆಮೇಲೆ ಇಳಿಸಿ. ಅಲ್ಲಿಯವರೆಗೆ ಹಳೆಯ ಹೆಸರು ಹಳೆಯ ಯಂತ್ರದಲ್ಲೇ ಇರುವುದರಿಂದ, ನಡುವಿನ ದಿನಗಳಿಗೆ ಪಿಸಿಗಳ ಎಸ್‌ಕ್ಯೂಎಲ್ ಕ್ಲೈಂಟ್ ಅಲಿಯಾಸ್ (ಹಳೆಯ ಹೆಸರು ಕೇಳಿದರೆ ಹೊಸ ಯಂತ್ರಕ್ಕೆ ಕಳಿಸುವ ಸೆಟ್ಟಿಂಗ್) ಬಳಸಿ. ವಾಪಸ್ ಬರಬೇಕಾದರೆ ಅದನ್ನು ತೆಗೆದರೆ ಸಾಕು.

ವಾಪಸ್ ಬರುವ ಗಡುವನ್ನು ಮೊದಲೇ ಬರೆದಿಡಿ, ಎಂ.ಡಿ. ಸಾಹೇಬರ ಸಹಿ ಹಾಕಿಸಿ. ಬುಧವಾರ ಸಂಜೆ ಐದು ಎಂದಿಟ್ಟುಕೊಳ್ಳಿ. ಸೋಮವಾರದಿಂದ ಅಲ್ಲಿಯವರೆಗಿನ ಪ್ರತಿ ವೋಚರಿನ ಕಾಗದ ಒಂದು ಫೈಲಿನಲ್ಲಿ ಕೂಡಲಿ. ದೊಡ್ಡ ತಪ್ಪು ಕಂಡರೆ ಹಳೆಯದನ್ನು ತೆರೆದು ಆ ಕಾಗದಗಳನ್ನು ಹೊಡೆದು ಮುಂದುವರಿಯುವುದು, ಬುಧವಾರ ದಾಟಿದರೆ ಏನೇ ಬಂದರೂ ಹೊಸದರಲ್ಲೇ ಸರಿಪಡಿಸುವುದು. ಈ ನಿರ್ಧಾರವನ್ನು ತೊಂದರೆ ಬಂದ ಮೇಲೆ ನಾಲ್ಕು ಜನ ನಿಂತು ಮಾಡಬಾರದು. ಹಳೆಯ ಯಂತ್ರವನ್ನು ಬರೆಯಲಾಗದಂತೆ ಮಾಡಿ ಮುಂದಿನ ಹಂಗಾಮು ಮುಗಿಯುವವರೆಗೆ ಇಟ್ಟುಕೊಳ್ಳಿ, ಆದರೆ ನೆಟ್‌ವರ್ಕಿನಿಂದ ಬಿಡಿಸಿ. ಹಳೆಯ ಬಿಲ್ಲಿನ ತಕರಾರು ಬಂದಾಗ ಉಪಯೋಗಕ್ಕೆ ಬರುತ್ತದೆ.

ಖರ್ಚಿನ ಪಟ್ಟಿ ಮಾಡುವಾಗ ಎರಡನ್ನು ಮರೆಯುತ್ತಾರೆ. ವಿಂಡೋಸ್ ಲೈಸೆನ್ಸ್ ಕೋರ್ ಲೆಕ್ಕದಲ್ಲಿದೆ, ಒಂದು ಯಂತ್ರಕ್ಕೆ ಕನಿಷ್ಠ 16 ಕೋರ್. ಬಳಕೆದಾರರ ಕ್ಯಾಲ್ ಲೈಸೆನ್ಸ್ ಅದರಲ್ಲಿ ಸೇರಿಲ್ಲ, ಹೊಸ ಆವೃತ್ತಿಗೆ ಹೊಸದಾಗಿ ಕೊಳ್ಳಬೇಕು. ಪುಕ್ಕಟೆ ಸಿಗುವ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಹಾಕಿ ಎಂದು ಯಾರಾದರೂ ಹೇಳಿದರೆ, 2022ರಲ್ಲಿ ಅದರ ಮಿತಿ ಡೇಟಾಬೇಸಿಗೆ 10 ಜಿಬಿ, 2025ರಲ್ಲಿ 50 ಜಿಬಿ. ನಿಮ್ಮದು 85.

ಈ ವಾರ ಎರಡು ಕೆಲಸ ಮಾಡಿ. ನಿನ್ನೆಯ ಬ್ಯಾಕಪ್ಪನ್ನು ಬೇರೊಂದು ಪಿಸಿಯಲ್ಲಿ ಬಿಚ್ಚಿ ನೋಡಿ, ಬಿಚ್ಚಿಕೊಳ್ಳುತ್ತದೋ ಇಲ್ಲವೋ. ಕಾಟಾ ಪ್ರೋಗ್ರಾಮಿನ ಸೆಟಪ್ ಫೈಲ್ ಯಾರ ಬಳಿ ಇದೆ ಎಂದು ಹುಡುಕಿ. ನಿವೃತ್ತರಾದ ಯಾರದಾದರೂ ಮನೆಯ ಸಿಡಿಯಲ್ಲಿದ್ದರೂ ಆಶ್ಚರ್ಯವಿಲ್ಲ. ಎರಡೂ ಆದ ಮೇಲೆ ಕಂಪಾಟಿಬಿಲಿಟಿ ಲೆವೆಲ್ ಎಷ್ಟಿದೆ, ಪ್ರೋಗ್ರಾಮಿನೊಳಗೆ ಸರ್ವರ್ ಹೆಸರಿದೆಯೋ ಐಪಿ ಇದೆಯೋ ಎಂಬುದನ್ನು ಸೇರಿಸಿ ಬರೆಯಿರಿ. ಜೂನಿನ ಭಾನುವಾರದ ಗಂಟೆವಾರು ಪಟ್ಟಿ ಕೂತು ಮಾಡೋಣ.